ಕಲ್ಲಿದ್ದಲು ಉಳಿದಿದೆ, ಜನ ಉಳಿದಿಲ್ಲ

ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ದಕ್ಷಿಣ ತುದಿ. ಬ್ಲೂಫೀಲ್ಡ್ ಬಿಟ್ಟು 52ನೇ ಹೆದ್ದಾರಿ ಹಿಡಿದವರು ಮೊದಲು ಬ್ರಾಮ್‌ವೆಲ್‌ನಲ್ಲಿ ಕಾರು ನಿಲ್ಲಿಸಬೇಕು. ಪುಟ್ಟ ಊರು, ಆದರೆ ತುಂಬ ಭಾರೀ ಬಂಗಲೆಗಳು. ನೂರು ವರ್ಷಗಳ ಹಿಂದೆ ಗಣಿ ಮಾಲೀಕರು ಸಂಸಾರ ಹೂಡಿದ್ದು ಇಲ್ಲಿ. ಇದು ಮರ್ಸರ್ ಕೌಂಟಿ. ಅವರಲ್ಲಿ ಅನೇಕರ ಗಣಿಗಳು ಇದ್ದದ್ದು ಗುಡ್ಡದ ಆಚೆ, ಮೆಕ್‌ಡೊವೆಲ್ ಕೌಂಟಿಯಲ್ಲಿ. ದುಡ್ಡು ಆಚೆ ಹುಟ್ಟಿ ಈಚೆ ಬಂದು ಮನೆ ಕಟ್ಟಿಕೊಂಡಿತು. ನಾನು ನೋಡಲು ಬಂದದ್ದು ಆಚೆಯ ಸೀಮೆಯನ್ನು. ಆದರೆ ಈ ಬಂಗಲೆಗಳನ್ನು ಮೊದಲು ನೋಡಿಕೊಳ್ಳದೆ ಹೋದರೆ ಅಲ್ಲಿ ಕಾಣುವುದರ ಅರ್ಥ ಅರ್ಧವೇ ಆಗುತ್ತದೆ.

ಮೆಕ್‌ಡೊವೆಲ್ ಎಂಬ ಹೆಸರು ಕೇಳಿದ ಕೂಡಲೇ ಕನ್ನಡಿಗರಿಗೆ ವಿಸ್ಕಿ ಬಾಟಲಿ ನೆನಪಾಗುವುದು ಸಹಜ. ಅದಕ್ಕೂ ಇದಕ್ಕೂ ನಂಟಿಲ್ಲ. ವರ್ಜೀನಿಯಾದ ಗವರ್ನರ್ ಆಗಿದ್ದ ಜೇಮ್ಸ್ ಮೆಕ್‌ಡೊವೆಲ್ ಹೆಸರಿನಲ್ಲಿ 1858ರಲ್ಲಿ ಟ್ಯಾಜ್‌ವೆಲ್ ಕೌಂಟಿಯನ್ನು ಒಡೆದು ಇದನ್ನು ಮಾಡಿದರು. ಐದು ವರ್ಷ ಕಳೆಯುವಷ್ಟರಲ್ಲಿ ಅಂತರ್ಯುದ್ಧದ ಗದ್ದಲದಲ್ಲಿ ವರ್ಜೀನಿಯಾವೇ ಒಡೆದು, 1863ರಲ್ಲಿ ವೆಸ್ಟ್ ವರ್ಜೀನಿಯಾ ಹುಟ್ಟಿತು. ಕೌಂಟಿ ಹೊಸ ರಾಜ್ಯದ ಪಾಲಾಯಿತು. ಕೌಂಟಿ ಎಂದರೆ ನಮ್ಮ ಜಿಲ್ಲೆಯ ಕೆಲಸ, ತಾಲ್ಲೂಕಿನ ಗಾತ್ರ ಎಂದುಕೊಳ್ಳಿ. ಇದರ ವಿಸ್ತೀರ್ಣ ಸುಮಾರು 1,386 ಚದರ ಕಿಲೋಮೀಟರ್. ಅದರಲ್ಲಿ ಮಟ್ಟಸವಾದ ನೆಲ ಬೆರಳೆಣಿಕೆಯಷ್ಟು.

ಬೆಟ್ಟ ಹತ್ತಿ ಇಳಿದರೆ ಮೇಬರಿ. ಇಲ್ಲಿಂದ ಎಲ್ಕ್‌ಹಾರ್ನ್ ಹೊಳೆ ನಮ್ಮ ಜೊತೆಗೇ ಹರಿಯುತ್ತದೆ. ಎರಡೂ ಕಡೆ ಕಡಿದಾದ ಗುಡ್ಡ. ನಡುವಿನ ಸೀಳಿನಲ್ಲಿ ಹೊಳೆ, ರಸ್ತೆ, ರೈಲು ಹಳಿ ಮೂರೂ ಒಂದನ್ನೊಂದು ಒತ್ತರಿಸಿಕೊಂಡು ಸಾಗುತ್ತವೆ. ಉಳಿದ ಚೂರುಪಾರು ಜಾಗದಲ್ಲಿ ಮನೆಗಳು. ಒಂದು ಸಾಲು ಮನೆ, ಒಂದು ಚರ್ಚು, ಕಿಟಕಿ ಇಲ್ಲದ ಒಂದು ಇಟ್ಟಿಗೆ ಕಟ್ಟಡ, ಆಮೇಲೆ ಕಾಡು, ಮತ್ತೆ ಅದೇ ಸಾಲು. ಊರು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ. ಕೆಲವು ಕಡೆ ಬಳ್ಳಿ ಹಬ್ಬಿದ ಗುಡ್ಡದ ಬುಡದಲ್ಲಿ ಕಮಾನಿನ ಗೂಡುಗಳು ಸಾಲಾಗಿ ಕಾಣುತ್ತವೆ. ಕಲ್ಲಿದ್ದಲನ್ನು ಕೋಕ್ ಮಾಡುತ್ತಿದ್ದ ಹಳೆಯ ಒಲೆಗಳು ಅವು.

ರೈಲು ಬರುವ ಮುಂಚೆ ಇಲ್ಲಿ ಇದ್ದವರು ಬೇಟೆ, ಬೇಸಾಯ, ಮರ ಕಡಿಯುವುದು ಎಂದು ಬದುಕಿದ ಕೆಲವೇ ಕುಟುಂಬಗಳು. 1860ರ ಜನಗಣತಿಯಲ್ಲಿ 1,535 ಮಂದಿ. 1880ರಲ್ಲಿ 3,074. ಆದರೆ ಗುಡ್ಡದೊಳಗೆ ಪೋಕಹಾಂಟಸ್ ಪದರ ಇತ್ತು. ಹೊಗೆ ಕಡಿಮೆ, ಕಾವು ಹೆಚ್ಚು. ಉಕ್ಕಿನ ಕುಲುಮೆಗೂ ಯುದ್ಧನೌಕೆಗಳ ಬಾಯ್ಲರಿಗೂ ಬೇಕಾದ ಜಾತಿಯ ಕಲ್ಲಿದ್ದಲು. ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲ್ವೆ 1888ರಲ್ಲಿ ಗುಡ್ಡ ಕೊರೆದು ಈ ಕಣಿವೆಗೆ ಇಳಿಯಿತು, 1892ರಲ್ಲಿ ಓಹಾಯೊ ನದಿಯವರೆಗೆ ಹಳಿ ಮುಟ್ಟಿಸಿತು. ಅಲ್ಲಿಂದಾಚೆಗೆ ಗಣತಿಯ ಅಂಕಿ ಹತ್ತು ಹತ್ತು ವರ್ಷಕ್ಕೆ ಜಿಗಿಯಿತು: 1900ರಲ್ಲಿ 18,747, 1910ರಲ್ಲಿ 47,856, 1930ರಲ್ಲಿ 90,479. ಊರುಗಳ ಹೆಸರಿನಲ್ಲೂ ಇದೇ ಚರಿತ್ರೆ ಇದೆ. ಕಿಂಬಲ್ ಎಂಬುದು ರೈಲ್ವೆ ಅಧ್ಯಕ್ಷನ ಹೆಸರು, ವೆಲ್ಚ್ ಎಂಬುದು ಕಲ್ಲಿದ್ದಲ ಜಾಗ ಗುರುತು ಹಾಕಿದ ಸರ್ವೇಯರನದು, ಗ್ಯಾರಿ ಎಂಬುದು ಉಕ್ಕಿನ ಕಂಪನಿಯ ದೊರೆಯದು.

ನಾರ್ತ್‌ಫೋರ್ಕ್ ದಾಟುವಾಗ ಬ್ಯಾಸ್ಕೆಟ್‌ಬಾಲ್ ಬಲ್ಲವರು ಒಂದು ಕ್ಷಣ ನಿಲ್ಲುತ್ತಾರೆ. ಇಲ್ಲಿನ ಹೈಸ್ಕೂಲು 1974ರಿಂದ 1981ರವರೆಗೆ ಸತತ ಎಂಟು ವರ್ಷ ರಾಜ್ಯ ಚಾಂಪಿಯನ್. ಮಕ್ಕಳು ಕಡಿಮೆಯಾದಂತೆ ಆ ಹೈಸ್ಕೂಲೇ ಇಲ್ಲವಾಯಿತು. ಅದರಾಚೆ ಕೀಸ್ಟೋನ್. ಹೊರಗಿನ ಪತ್ರಕರ್ತರು ಈ ಊರಿನ ಬಗ್ಗೆ ಬರೆದಾಗಲೆಲ್ಲ ಸಿಂಡರ್ ಬಾಟಮ್ ಎಂಬ ಹಳೆಯ ಸೂಳೆಗೇರಿಯನ್ನೇ ಹಿಡಿದುಕೊಳ್ಳುತ್ತಾರೆ. ಹೇಳಬೇಕಾದದ್ದು ಬೇರೆ ಇದೆ.

ಗಣಿಗೆ ಆಳು ಬೇಕಾದಾಗ ಕಂಪನಿಗಳು ಇಟಲಿ, ಹಂಗರಿ, ಪೋಲೆಂಡ್‌ಗಳಿಂದ ಬಂದವರನ್ನು ತಂದವು. ಜೊತೆಗೆ ವರ್ಜೀನಿಯಾ, ಉತ್ತರ ಕ್ಯಾರೊಲಿನಾ, ಅಲಬಾಮಾ ಕಡೆಯ ಕಪ್ಪು ಜನರನ್ನು. 1910ರ ಹೊತ್ತಿಗೆ ಕೌಂಟಿಯ ಹತ್ತು ಜನರಲ್ಲಿ ಮೂವರು ಕಪ್ಪು ಜನ. ಹತ್ತಿ ಹೊಲದ ದಕ್ಷಿಣಕ್ಕೂ ಇಲ್ಲಿಗೂ ಒಂದು ದೊಡ್ಡ ವ್ಯತ್ಯಾಸ: ಇಲ್ಲಿ ಅವರ ಮತವನ್ನು ಯಾರೂ ಕಿತ್ತುಕೊಂಡಿರಲಿಲ್ಲ. ಶಾಲೆ ಬೇರೆ, ವಸತಿ ಬೇರೆ. ಆದರೆ ಮತಪೆಟ್ಟಿಗೆ ಒಂದೇ. ಕೀಸ್ಟೋನ್‌ನಿಂದ ‘ಮೆಕ್‌ಡೊವೆಲ್ ಟೈಮ್ಸ್’ ಪತ್ರಿಕೆ ಹೊರಡಿಸುತ್ತಿದ್ದ ಎಂ.ಟಿ. ವಿಟಿಕೊ ತಮ್ಮ ಸೀಮೆಯನ್ನು ‘ಮೆಕ್‌ಡೊವೆಲ್ ಸ್ವತಂತ್ರ ರಾಜ್ಯ’ ಎಂದು ಕರೆದದ್ದು ಆ ಸೊಕ್ಕಿನಲ್ಲೇ. ಶಾಸಕ ಹಾರ್ಪರ್ ತೀರಿಕೊಂಡ ಮೇಲೆ ಅವರ ಪತ್ನಿ ಮಿನ್ನಿ ಬಕಿಂಗ್‌ಹ್ಯಾಮ್ ಹಾರ್ಪರ್ ಅವರನ್ನು 1928ರ ಜನವರಿಯಲ್ಲಿ ಗವರ್ನರ್ ಆ ಸ್ಥಾನಕ್ಕೆ ನೇಮಿಸಿದರು. ಇಡೀ ಅಮೆರಿಕದಲ್ಲಿ ಶಾಸನಸಭೆಗೆ ಕಾಲಿಟ್ಟ ಮೊದಲ ಕಪ್ಪು ಮಹಿಳೆ ಅವರು. ಹೋದದ್ದು ನ್ಯೂಯಾರ್ಕಿನಿಂದಲ್ಲ, ಷಿಕಾಗೊದಿಂದಲೂ ಅಲ್ಲ, ಈ ಮಸಿ ಹಿಡಿದ ಕಣಿವೆಯಿಂದ.

ಕಿಂಬಲ್‌ನ ರಸ್ತೆ ಬದಿಯಲ್ಲಿ, ಗುಡ್ಡಕ್ಕೆ ಬೆನ್ನು ಕೊಟ್ಟು, ಕಂಬಗಳ ಮುಂಭಾಗದ ಒಂದು ಇಟ್ಟಿಗೆ ಕಟ್ಟಡ ನಿಂತಿದೆ. ಸುತ್ತಲಿನದೆಲ್ಲ ಮಾಸಿರುವಾಗ ಇದೊಂದೇ ಠೀವಿಯಿಂದಿದೆ. ಮೊದಲ ಮಹಾಯುದ್ಧಕ್ಕೆ ಈ ಕೌಂಟಿಯಿಂದ ಹೋದ ಕಪ್ಪು ಸೈನಿಕರ ಸ್ಮಾರಕ ಇದು. ಮರಳಿ ಬಂದವರು ಕೌಂಟಿಯನ್ನೇ ಕೇಳಿದರು: ಬಿಳಿಯರಿಗೆ ಸ್ಮಾರಕವಾದರೆ ನಮಗೂ ಆಗಬೇಕು. ಅವರ ಕೈಯಲ್ಲಿ ಮತ ಇತ್ತಾದ್ದರಿಂದ ಕೌಂಟಿ ಹಣ ಕೊಟ್ಟಿತು. ವೆಲ್ಚ್‌ನ ವಾಸ್ತುಶಿಲ್ಪಿ ಹ್ಯಾಸೆಲ್ ಹಿಕ್ಸ್ ನಕ್ಷೆ ಹಾಕಿದರು. 1928ರಲ್ಲಿ ಬಾಗಿಲು ತೆರೆಯಿತು. ಸಭೆ, ಮದುವೆ, ಕುಣಿತ, ಸಂಗೀತ ಎಲ್ಲ ಇದರೊಳಗೇ. ಜನ ಹೋದ ಮೇಲೆ ಕಟ್ಟಡ ಪಾಳುಬಿತ್ತು, 1991ರಲ್ಲಿ ಬೆಂಕಿಗೆ ಸಿಕ್ಕಿ ಗೋಡೆಗಳಷ್ಟೇ ಉಳಿದವು. ಅನಂತರ ಹಣ ಕೂಡಿಸಿ ಮತ್ತೆ ಎತ್ತಿ ನಿಲ್ಲಿಸಿದರು. ಕೌಂಟಿಯಲ್ಲಿ ಜನರು ಕೇಳಿ, ಪಡೆದು, ಕಳೆದುಕೊಂಡು, ಪುನಃ ಕಟ್ಟಿಕೊಂಡದ್ದು ಇದೊಂದೇ ಎಂದು ನನಗನ್ನಿಸುತ್ತದೆ. ಮಿಕ್ಕದ್ದೆಲ್ಲ ಕಂಪನಿ ಕಟ್ಟಿದ್ದು, ಕಂಪನಿ ಬಿಟ್ಟುಹೋದದ್ದು.

ಇದೇ ಕಿಂಬಲ್‌ನಲ್ಲಿ ವಾಲ್‌ಮಾರ್ಟ್ ಮಳಿಗೆ ಇತ್ತು. ಗಣಿಗಳು ಸೊರಗಿದ ಮೇಲೆ ನೂರಕ್ಕೂ ಹೆಚ್ಚು ಜನರಿಗೆ ಕೆಲಸವನ್ನೂ, ಕೌಂಟಿಯವರಿಗೆಲ್ಲ ತಾಜಾ ತರಕಾರಿಯನ್ನೂ ಕೊಟ್ಟ ಮಳಿಗೆ ಅದು. 2016ರ ಜನವರಿಯಲ್ಲಿ ಮುಚ್ಚಿತು. ದೇಶದಾದ್ಯಂತ ಒಂದೇ ಪಟ್ಟಿಯಲ್ಲಿ ನೂರೈವತ್ತಕ್ಕೂ ಹೆಚ್ಚು ಮಳಿಗೆ ಮುಚ್ಚಿದಾಗ ಇದೂ ಒಂದು. ಪಟ್ಟಿ ಮಾಡಿದವರಿಗೆ ಕಿಂಬಲ್ ಒಂದು ಸಾಲು. ಇಲ್ಲಿನವರಿಗೆ ಸಂತೆಯೇ ಹೋಯಿತು.

ವೆಲ್ಚ್ ಕೌಂಟಿಯ ಮುಖ್ಯ ಊರು. ಟಗ್ ಫೋರ್ಕ್ ನದಿಗೆ ಎಲ್ಕ್‌ಹಾರ್ನ್ ಬಂದು ಸೇರುವ ಮೂಲೆಯಲ್ಲಿ, ಇಕ್ಕಟ್ಟಿನಲ್ಲಿ, ಇಟ್ಟಿಗೆಯ ನಾಲ್ಕೈದು ಅಂತಸ್ತಿನ ಕಟ್ಟಡಗಳು. ಮೊದಲು ಕಚೇರಿಗಳು ಪೆರ್ರಿವಿಲ್‌ನಲ್ಲಿದ್ದವು. 1892ರಲ್ಲಿ ಇಲ್ಲಿಗೆ ಬಂದವು. ಜಗಳವಾಗದಿರಲಿ ಎಂದು ದಫ್ತರಗಳನ್ನು ರಾತ್ರೋರಾತ್ರಿ ಬಂಡಿಯಲ್ಲಿ ಹೇರಿಕೊಂಡು ತಂದರಂತೆ. ಹೀಗೆ ಊರಿನ ಕಥೆ. ಒಂದು ಕಾಲಕ್ಕೆ ಶನಿವಾರ ಸಂಜೆ ಈ ಬೀದಿಗಳಲ್ಲಿ ಕಾಲಿಡಲು ಜಾಗವಿರಲಿಲ್ಲ ಎನ್ನುತ್ತಾರೆ. ಅತಿಶಯೋಕ್ತಿ ಅನ್ನಿಸಿದರೆ ವಾಹನ ನಿಲುಗಡೆಯ ಬಹುಮಹಡಿ ಕಟ್ಟಡವನ್ನು ನೋಡಿ ಬನ್ನಿ: 1941ರದ್ದು, ಅಮೆರಿಕದಲ್ಲಿ ನಗರಸಭೆ ತಾನೇ ಕಟ್ಟಿಸಿದ್ದರಲ್ಲಿ ಮೊದಲನೆಯದು ಎಂದು ಊರಿನವರ ಹೆಮ್ಮೆ. ನಾನು ಹೋದಾಗ ರಸ್ತೆಯಲ್ಲೇ ಬೇಕಾದಷ್ಟು ಜಾಗ ಇತ್ತು.

ಬೀದಿಯಿಂದ ಮೇಲಕ್ಕೆ, ದಿಬ್ಬದ ಮೇಲೆ, ಒರಟು ಕಲ್ಲಿನ ಕೋರ್ಟು. ಆ ಮೆಟ್ಟಿಲುಗಳನ್ನು ಹತ್ತುವಾಗ 1921ರ ಆಗಸ್ಟ್ 1ನ್ನು ನೆನೆಯದೆ ಇರಲಾಗದು. ಪಕ್ಕದ ಮಿಂಗೊ ಕೌಂಟಿಯ ಮೇಟ್ವಾನ್ ಊರಿನ ಪೊಲೀಸ್ ಮುಖ್ಯಸ್ಥ ಸಿಡ್ ಹ್ಯಾಟ್‌ಫೀಲ್ಡ್ ಗಣಿ ಕಾರ್ಮಿಕರ ಪರ ನಿಂತವನು. 1920ರ ಮೇ ತಿಂಗಳಲ್ಲಿ, ಕಾರ್ಮಿಕರನ್ನು ಮನೆಯಿಂದ ಹೊರಹಾಕಲು ಕಂಪನಿ ಕಳಿಸಿದ್ದ ಬಾಲ್ಡ್ವಿನ್-ಫೆಲ್ಟ್ಸ್ ಏಜೆನ್ಸಿಯ ಬಂದೂಕುಧಾರಿಗಳಿಗೂ ಅವನ ಕಡೆಯವರಿಗೂ ಗುಂಡಿನ ಕಾಳಗವಾಗಿ ಹತ್ತು ಮಂದಿ ಸತ್ತಿದ್ದರು. ಮರುವರ್ಷ ಬೇರೊಂದು ಮೊಕದ್ದಮೆಗೆ ಅವನನ್ನು ವೆಲ್ಚ್‌ಗೆ ಕರೆಸಿದರು. ಹೆಂಡತಿಯರನ್ನು ಕರೆದುಕೊಂಡು ಸಿಡ್ ಮತ್ತು ಗೆಳೆಯ ಎಡ್ ಚೇಂಬರ್ಸ್ ಮೆಟ್ಟಿಲು ಹತ್ತುತ್ತಿದ್ದಾಗ ಮೇಲೆ ಕಾದಿದ್ದ ಏಜೆನ್ಸಿಯವರು ಗುಂಡು ಹಾರಿಸಿ ಇಬ್ಬರನ್ನೂ ಕೊಂದರು. ಹಾಡುಹಗಲು, ನ್ಯಾಯಾಲಯದ ಬಾಗಿಲಲ್ಲಿ. ಆತ್ಮರಕ್ಷಣೆಗೆ ಹೊಡೆದೆವು ಎಂದರು; ಯಾರಿಗೂ ಶಿಕ್ಷೆಯಾಗಲಿಲ್ಲ. ಆ ಸುದ್ದಿ ಹಬ್ಬಿದ ತಿಂಗಳೊಳಗೆ ಹತ್ತು ಸಾವಿರದಷ್ಟು ಕಾರ್ಮಿಕರು ಬಂದೂಕು ಹಿಡಿದು ಬ್ಲೇರ್ ಬೆಟ್ಟದ ಕಡೆ ನಡೆದರು. ಫೆಡರಲ್ ಸೈನ್ಯ ಬಂದ ಮೇಲಷ್ಟೇ ಅದು ನಿಂತದ್ದು. ಮೆಟ್ಟಿಲ ಪಕ್ಕದ ಕಲ್ಲಿನಲ್ಲಿ ಗುಂಡಿನ ಗುರುತು ಇವೇ ಎಂದು ತೋರಿಸುವವರು ಇಂದಿಗೂ ಇದ್ದಾರೆ.

ಇದೇ ಕೋರ್ಟಿನಿಂದ ಕೆಳಗೆ ಇಳಿದು ಬೀದಿಯಲ್ಲಿ ನಿಂತರೆ ಇನ್ನೊಂದು ಕಥೆ. 1950ರ ಗಣತಿಯಲ್ಲಿ ಕೌಂಟಿಯ ಜನಸಂಖ್ಯೆ 98,887. ಲಕ್ಷಕ್ಕೆ ಸಾವಿರದಷ್ಟು ಕಡಿಮೆ. ಅದೇ ತುದಿ. 1960ರಲ್ಲಿ 71,359. ಹತ್ತು ವರ್ಷದಲ್ಲಿ ಇಪ್ಪತ್ತೇಳೂವರೆ ಸಾವಿರ ಜನ ಕಡಿಮೆಯಾದರು. ಕಲ್ಲಿದ್ದಲು ಬರಿದಾಯಿತೇ? ಇಲ್ಲ. ಅದೇ ವರ್ಷಗಳಲ್ಲಿ ಮೆಕ್‌ಡೊವೆಲ್ ದೇಶದಲ್ಲೇ ಅತಿ ಹೆಚ್ಚು ಕಲ್ಲಿದ್ದಲು ತೆಗೆಯುವ ಕೌಂಟಿ ಎನಿಸಿಕೊಂಡಿತ್ತು. ಬಂದದ್ದು ಯಂತ್ರ. ಪದರವನ್ನು ಕೊರೆದು, ಕೆರೆದು, ಹಿಂದಕ್ಕೆ ತಳ್ಳುವ ಯಂತ್ರದ ಮುಂದೆ ಸಲಿಕೆಯವನಿಗೆ ಜಾಗವಿರಲಿಲ್ಲ. ಕಾರ್ಮಿಕ ಸಂಘದ ಮುಖಂಡ ಜಾನ್ ಎಲ್. ಲೂಯಿಸ್ 1950ರ ಒಪ್ಪಂದದಲ್ಲಿ ಇದಕ್ಕೆ ಒಪ್ಪಿದ್ದ. ಬದಲಿಗೆ ಉಳಿದವರಿಗೆ ಒಳ್ಳೆಯ ಕೂಲಿ, ಆಸ್ಪತ್ರೆ, ಪಿಂಚಣಿ. ಲೆಕ್ಕ ಸರಿಯೇ ಇತ್ತು, ಉಳಿದವರಿಗೆ. ಮೊದಲು ಮನೆಗೆ ಹೋದವರು ಕೈಯಿಂದ ಗಾಡಿ ತುಂಬುತ್ತಿದ್ದವರು, ಅದರಲ್ಲೂ ಹೆಚ್ಚಾಗಿ ಕಪ್ಪು ಜನ. ಹೊಸ ಯಂತ್ರದ ಸೀಟು ಅವರಿಗೆ ಸಿಕ್ಕಿದ್ದು ಅಪರೂಪ. ಡೆಟ್ರಾಯಿಟ್, ಕ್ಲೀವ್‌ಲ್ಯಾಂಡ್ ಕಡೆಗೆ ಹೋದರು.

ಅಮೆರಿಕದ ಈ ಮೂಲೆಯಲ್ಲಿ ಬಡತನಕ್ಕೆ ಹೆಸರು ಬಂದದ್ದು ಆಗ. 1960ರ ವಸಂತದಲ್ಲಿ ಚುನಾವಣೆಗೆ ನಿಂತ ಜಾನ್ ಕೆನಡಿ ಇಲ್ಲಿ ಮತ ಕೇಳಲು ಬಂದವರು, ಅಷ್ಟೊಂದು ಕಲ್ಲಿದ್ದಲು ತೆಗೆಯುವ ಕೌಂಟಿಯಲ್ಲಿ ಇಷ್ಟೊಂದು ಜನ ಸರ್ಕಾರದ ಹಿಟ್ಟು-ಬೇಳೆಗೆ ಕಾದಿರುವುದನ್ನು ನೋಡಿ ಅದನ್ನು ಭಾಷಣಗಳಲ್ಲಿ ಹೇಳುತ್ತ ಹೋದರು. ಗೆದ್ದ ಮೇಲೆ ಆಹಾರ ಚೀಟಿಯ ಪ್ರಾಯೋಗಿಕ ಯೋಜನೆಯ ಮೊದಲ ಚೀಟಿ ಕೊಟ್ಟದ್ದು ಇಲ್ಲೇ: 1961ರ ಮೇ 29ರಂದು, ಪೇನ್ಸ್‌ವಿಲ್‌ನ ಆಲ್ಡರ್‌ಸನ್ ಮನ್ಸಿ ಮತ್ತು ಅವರ ಪತ್ನಿ ಹದಿನೈದು ಜನರ ಸಂಸಾರಕ್ಕೆಂದು 95 ಡಾಲರಿನ ಚೀಟಿ ಪಡೆದು ಅಂಗಡಿಗೆ ಹೋದರು. ಇಂದು ಕೋಟ್ಯಂತರ ಅಮೆರಿಕನ್ನರು ಬಳಸುವ ಯೋಜನೆ ಅದು.

ವೆಲ್ಚ್‌ನಿಂದ ದಕ್ಷಿಣಕ್ಕೆ ಗ್ಯಾರಿ. ಯು.ಎಸ್. ಸ್ಟೀಲ್ 1902ರ ಸುಮಾರಿಗೆ ಕಟ್ಟಲು ಶುರುಮಾಡಿದ ಊರು. ಸುತ್ತಲಿನ ವಸತಿಗಳಿಗೆ ಹೆಸರಿನ ಬದಲು ನಂಬರು. ಮನೆ ಕಂಪನಿಯದು, ಅಂಗಡಿ ಕಂಪನಿಯದು, ವೈದ್ಯ ಕಂಪನಿಯವನು. ಕೌಂಟಿಯ ಗಣಿ ವಸತಿಗಳಲ್ಲಿ ಡಾಲರಿನ ಬದಲು ಕಂಪನಿಯ ತಗಡಿನ ಬಿಲ್ಲೆಗಳು ಓಡುತ್ತಿದ್ದ ಕಾಲವೂ ಇತ್ತು. 1986ರಲ್ಲಿ ಕಂಪನಿ ಇಲ್ಲಿಂದ ಕಾಲ್ತೆಗೆಯಿತು. 1980ರಲ್ಲಿ 49,899 ಇದ್ದ ಕೌಂಟಿಯ ಜನಸಂಖ್ಯೆ 1990ಕ್ಕೆ 35,233ಕ್ಕೆ ಇಳಿದದ್ದಕ್ಕೆ ಇದು ದೊಡ್ಡ ಕಾರಣ. ಐವತ್ತರ ದಶಕದಲ್ಲಿ ಹೋದವರಲ್ಲಿ ಅನೇಕರು ಕೆಲಸ ಹುಡುಕಿಕೊಂಡು ಹೋದ ಯುವಕರು. ಈ ಸಲ ಮನೆಗೆ ಬೀಗ ಹಾಕಿ ಕುಟುಂಬಗಳೇ ಹೊರಟವು. ಮಾರೋಣವೆಂದರೆ ಕೊಳ್ಳುವವರಿಲ್ಲ. ಬೀಗ ತುಕ್ಕು ಹಿಡಿದ ಮನೆಗಳನ್ನು ಗ್ಯಾರಿಯ ರಸ್ತೆಯುದ್ದಕ್ಕೂ ನೋಡಬಹುದು.

ಹೊಸದೊಂದು ಕಾರ್ಖಾನೆ ತರಬಾರದೇ ಎಂದು ಬಂದವರೆಲ್ಲ ಕೇಳುತ್ತಾರೆ. ತಂದು ಇಡುವುದೆಲ್ಲಿ? ಮಟ್ಟಸ ನೆಲ ಇಲ್ಲ. ಇರುವ ನೆಲದಲ್ಲೂ ಬಹುಪಾಲು ಹೊರಗಿನ ಭೂಹಿಡುವಳಿ ಕಂಪನಿಗಳದ್ದು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬೆಟ್ಟದವರಿಂದ ಬಿಡಿಗಾಸಿಗೆ ಬರೆಸಿಕೊಂಡ ಭೂಮಿ ಕೈ ಬದಲಾಯಿಸುತ್ತ ಬಂದಿದೆ, ಊರಿನವರ ಕೈಗೆ ಮಾತ್ರ ಬಂದಿಲ್ಲ. ಕಣಿವೆಯಲ್ಲಿ ಮಿಕ್ಕ ಜಾಗಕ್ಕೆ ಹೊಳೆ ನುಗ್ಗುತ್ತದೆ: 2001, 2002, ಈಚೆಗೆ 2025ರ ಫೆಬ್ರವರಿ. ಪ್ರತಿ ನೆರೆಯ ಮೇಲೂ ಕೆಲವರು ಮರಳಿ ಬರುವುದಿಲ್ಲ. ಹೊರಗಿನಿಂದ ಬಂದ ಶಿಕ್ಷಕರಿಗೆ ಬಾಡಿಗೆ ಮನೆಯೇ ಸಿಗದೆ, ಕೊನೆಗೆ ಶಿಕ್ಷಕರ ಸಂಘ ವೆಲ್ಚ್‌ನಲ್ಲಿ ಅವರಿಗೆಂದೇ ಅಪಾರ್ಟ್‌ಮೆಂಟ್ ಕಟ್ಟಿಸಲು ಮುಂದೆ ಬಂತು. ಖಾಲಿ ಮನೆಗಳ ಕೌಂಟಿಯಲ್ಲಿ ಮನೆಯ ಬರ!

ಕೋಲ್‌ವುಡ್‌ಗೆ ಸಿನಿಮಾ ನೋಡಿದವರು ಹೋಗುತ್ತಾರೆ. 1957ರಲ್ಲಿ ಸ್ಪುಟ್ನಿಕ್ ಹಾರಿದ್ದು ಕಂಡು ರಾಕೆಟ್ ಮಾಡಲು ಕುಳಿತ ಹುಡುಗ ಹೋಮರ್ ಹಿಕಮ್ ಇಲ್ಲಿಯವರು. ಗಣಿಯ ಸೂಪರಿಂಟೆಂಡೆಂಟ್ ಮಗ, ಮುಂದೆ ನಾಸಾ ಎಂಜಿನಿಯರ್. ಅವರು ಬರೆದ ‘ರಾಕೆಟ್ ಬಾಯ್ಸ್’ 1999ರಲ್ಲಿ ‘ಅಕ್ಟೋಬರ್ ಸ್ಕೈ’ ಎಂಬ ಸಿನಿಮಾ ಆಯಿತು. ಚಿತ್ರೀಕರಣ ಮಾತ್ರ ಟೆನೆಸಿಯಲ್ಲಿ. ಇನ್ನೂ ದಕ್ಷಿಣಕ್ಕೆ ವಾರ್ ಎಂಬ ಊರು. ಅದರ ಆಸುಪಾಸಿನ ಬಾರ್ಟ್ಲಿ. 1940ರ ಜನವರಿ 10ರಂದು ಅಲ್ಲಿನ ಗಣಿ ಸ್ಫೋಟಿಸಿ 91 ಮಂದಿ ಸತ್ತರು. ಕೋಲ್‌ವುಡ್‌ಗೆ ಬರುವ ಪ್ರವಾಸಿಗಳಲ್ಲಿ ಬಾರ್ಟ್ಲಿಯವರೆಗೆ ಹೋಗುವವರು ಕಡಿಮೆ. ಗಣಿಯಿಂದ ಪಾರಾದವನ ಕಥೆ ಕೇಳಲು ಎಲ್ಲರಿಗೂ ಇಷ್ಟ.

2020ರ ಗಣತಿ ಕೊಟ್ಟ ಅಂಕಿ 19,111. ಎಪ್ಪತ್ತು ವರ್ಷದಲ್ಲಿ ಐವರಲ್ಲಿ ನಾಲ್ವರು ಕಡಿಮೆ. ಈ ಹತ್ತೊಂಬತ್ತು ಸಾವಿರದಲ್ಲೂ ಸೆರೆಮನೆಯವರು ಸೇರಿದ್ದಾರೆ. ಅಮೆರಿಕದ ಗಣತಿ ಕೈದಿಯನ್ನು ಅವನ ಸ್ವಂತ ಊರಿನಲ್ಲಿ ಎಣಿಸುವುದಿಲ್ಲ, ಸೆರೆ ಇರುವಲ್ಲಿ ಎಣಿಸುತ್ತದೆ. 2010ರ ಸುಮಾರಿಗೆ ಇಲ್ಲಿ ತೆರೆದ ಫೆಡರಲ್ ಸೆರೆಮನೆ ಉದ್ಯೋಗವನ್ನೂ ತಂದಿತು, ಅಂಕಿಯನ್ನೂ ತುಸು ಎತ್ತಿ ಹಿಡಿಯಿತು. ಈಚಿನ ಅಂದಾಜುಗಳು ಹದಿನೆಂಟು ಸಾವಿರಕ್ಕಿಂತ ಕೆಳಗಿವೆ. ನೋವಿನ ಮಾತ್ರೆಗಳ ಚಟ, ಸರಾಸರಿ ಆಯಸ್ಸಿನ ಕುಸಿತ, 2008ರಲ್ಲಿ ಒಬಾಮಾಗೆ ಕೊಟ್ಟ ಬಹುಮತ 2016ರಲ್ಲಿ ಟ್ರಂಪ್‌ಗೆ ನಾಲ್ಕರಲ್ಲಿ ಮೂರರಷ್ಟು ಮತವಾಗಿ ತಿರುಗಿದ್ದು, ಇವನ್ನೆಲ್ಲ ಬರೆಯಲು ಚುನಾವಣೆ ಬಂದಾಗಲೆಲ್ಲ ಪತ್ರಕರ್ತರ ದಂಡು ಬಂದು ಹೋಗುತ್ತದೆ. ಅವರು ಬರೆದದ್ದು ಸುಳ್ಳಲ್ಲ. ಆದರೆ ಇಲ್ಲಿ ಉಳಿದವರನ್ನು ಹೋಗಲಾರದೆ ಉಳಿದವರು ಎಂದು ಬಗೆಯುವುದು ತಪ್ಪು. ಚರ್ಚಿನ ಅಡುಗೆಮನೆಗಳಲ್ಲಿ ನೆರೆ ಸಂತ್ರಸ್ತರಿಗೆ ಊಟ ಬೇಯಿಸುವವರು, ಪಾಳು ಮನೆ ಕೆಡವಿ ಜಾಗ ಚೊಕ್ಕ ಮಾಡುವವರು, ಗುಡ್ಡದ ಹಾದಿಗಳಲ್ಲಿ ನಾಲ್ಕು ಗಾಲಿಯ ಬೈಕು ಓಡಿಸಲು ಬರುವವರಿಗೆ ಕೋಣೆ ಬಾಡಿಗೆ ಕೊಡುವವರು ಇದ್ದಾರೆ. ಹಳೆಯ ಗಣಿಗಳ ಒಳಗಿಂದ ಬರುವ ತಣ್ಣನೆಯ ನೀರಿನ ದೆಸೆಯಿಂದ ಎಲ್ಕ್‌ಹಾರ್ನ್ ಹೊಳೆಯಲ್ಲಿ ಟ್ರೌಟ್ ಮೀನು ಸೊಗಸಾಗಿ ಬೆಳೆದಿದೆ. ಅದೇ ಹೊಳೆಗೆ ಕೆಲವು ಮನೆಗಳ ಕೊಳಚೆ ನೇರ ಸೇರುತ್ತದೆ ಎಂಬುದೂ ನಿಜ.

ಹಳಿಯ ಮೇಲೆ ಕಲ್ಲಿದ್ದಲ ರೈಲು ಈಗಲೂ ಓಡುತ್ತದೆ. ಪೋಕಹಾಂಟಸ್ ಪದರದ ಉಕ್ಕಿನ ಕಲ್ಲಿದ್ದಲಿಗೆ ಗಿರಾಕಿ ತಪ್ಪಿಲ್ಲ. ಅದು ಪೂರ್ವಕ್ಕೆ ನಾರ್ಫೋಕ್ ಬಂದರಿಗೆ ಹೋಗಿ ಹಡಗು ಹತ್ತುತ್ತದೆ. ಅಮೆರಿಕದ ಕಲ್ಲಿದ್ದಲನ್ನು ಅತಿ ಹೆಚ್ಚು ಕೊಳ್ಳುವ ದೇಶಗಳಲ್ಲಿ ಭಾರತ ಮುಂದಿದೆ. ನಮ್ಮ ತೋರಣಗಲ್ಲಿನಲ್ಲಿ ಕುಲುಮೆ ಹಚ್ಚಿರುವ ಜೆಎಸ್‌ಡಬ್ಲ್ಯು 2010ರಲ್ಲಿ ವೆಸ್ಟ್ ವರ್ಜೀನಿಯಾದಲ್ಲೇ ಕಲ್ಲಿದ್ದಲ ಹಕ್ಕುಗಳನ್ನು ಕೊಂಡಿತ್ತು. ಈ ರಾಜ್ಯದ ಗುಡ್ಡಗಳೂ ನಮ್ಮ ಬಳ್ಳಾರಿಯ ಕಬ್ಬಿಣವೂ ತೀರಾ ಅಪರಿಚಿತರಲ್ಲ ಎಂದಾಯಿತು.

ಮೆಕ್‌ಡೊವೆಲ್‌ಗೆ ಬಂದ ದುರ್ದೆಸೆಗೆ ಕಲ್ಲಿದ್ದಲು ಮುಗಿದದ್ದು ಕಾರಣ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಗಣಿ ಶ್ರೀಮಂತವಾಗಿದ್ದಾಗಲೇ ಜನ ಹೊರಟದ್ದು. ನೆಲ ಅವರದಾಗಿರಲಿಲ್ಲ, ಮನೆ ಅವರದಾಗಿರಲಿಲ್ಲ, ಲಾಭ ಗುಡ್ಡದಾಚೆ ಹೋಗುತ್ತಿತ್ತು. ಉಳಿದದ್ದು ಕೂಲಿ, ಅದು ನಿಂತಾಗ ನಿಲ್ಲಲು ಕಾರಣವೇ ಉಳಿಯಲಿಲ್ಲ.

ಅಮೆರಿಕದಲ್ಲಿರುವ ಕನ್ನಡಿಗರು ನಯಾಗರಾ ಸಾಕಾಗಿದ್ದರೆ ಇತ್ತ ಬರಬಹುದು. ವಾಷಿಂಗ್ಟನ್‌ನಿಂದ ಒಂದು ಹಗಲಿನ ದಾರಿ. ಬ್ಲೂಫೀಲ್ಡ್‌ನಲ್ಲೇ ಪೆಟ್ರೋಲ್ ತುಂಬಿಸಿಕೊಳ್ಳಿ. ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ. ಪಾಳು ಮನೆಗಳ ಫೋಟೋ ತೆಗೆಯುವ ಮುಂಚೆ ಪಕ್ಕದ ಮನೆಯಲ್ಲಿ ಯಾರಾದರೂ ಇದ್ದಾರೆಯೇ ನೋಡಿ, ಇದ್ದರೆ ಒಂದು ಮಾತು ಕೇಳಿ. ಸಮಯ ಕಡಿಮೆ ಇದ್ದರೆ ಕೋಲ್‌ವುಡ್ ಬಿಡಿ. ಕಿಂಬಲ್‌ನ ಸ್ಮಾರಕವನ್ನು ಮಾತ್ರ ಬಿಡಬೇಡಿ.